ಗರ್ಭಸಂಧಿಯಲ್ಲಿ ಅಭಿಮಾನಿಗಳು

ವಿಮರ್ಶೆಯೆಂದರೆ ಮುಗಿದ ಕೃತಿಯ ಮೇಲೆ ಕೊಡುವ ತೀರ್ಪು ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಕವಿ ತನ್ನ ಕಾವ್ಯವನ್ನು ಮುಗಿಸಬೇಕು, ಅದು ಅಚ್ಚಾಗಬೇಕು, ನಾಲ್ಕು ಜನ ಓದಬೇಕು. ಆಮೇಲೆ ವಿಮರ್ಶಕನು ಕನ್ನಡಕ ಏರಿಸಿಕೊಂಡು ಬರಬೇಕು. ಇನ್ನೂ ಮುಗಿಯದೆ ಇರುವುದರ ಬಗೆಗೆ ಮಾತನಾಡುವವನಿಗೆ ನಾವು ವಿಮರ್ಶಕನೆಂಬ ಹೆಸರು ಕೊಡುವುದಿಲ್ಲ; ಜೋಯಿಸನೆನ್ನುತ್ತೇವೆ. ಆದರೆ ನಮ್ಮ ಸುತ್ತಮುತ್ತ ಮುಗಿಯದ ಕೃತಿಯ ಮೇಲೆಯೇ ನಡೆಯುವ ಒಂದು ವಿಮರ್ಶೆಯುಂಟು. ಅದನ್ನು ನಡೆಸುವವರು ಪಂಡಿತರಲ್ಲ. ಅವರು ಒಂದು ವೃತ್ತಿಪರ ಫುಟ್‌ಬಾಲ್ ತಂಡದ ಅಭಿಮಾನಿಗಳು. ಆಟದ ಋತು ಅರ್ಧ ಸವೆದಿದೆ, ಅರ್ಧ ಉಳಿದಿದೆ. 'ಇನ್ನು ನಮ್ಮ ತಂಡದ ಗತಿಯೇನು?' ಎಂಬುದು ಅವರ ಪ್ರಶ್ನೆ. ಈ ವಾದವನ್ನು ಮೌಖಿಕ ಸಾಹಿತ್ಯದ ಒಂದು ಪ್ರಕಾರವೆಂದೇ ಎಣಿಸಿ ಅದರ ಗುಣದೋಷಗಳನ್ನು ನೋಡಬೇಕೆಂದು ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿತ್ತು. ಹಿರಿಯರು ನಕ್ಕಾರು; ನಗಲಿ. ಗರತಿಯ ಹಾಡನ್ನೂ ಲಾವಣಿಯನ್ನೂ ಕಂಡು ಮೂಗು ಮುರಿದ ಪಂಡಿತರು ಒಂದು ಕಾಲಕ್ಕೆ ಕಡಿಮೆಯೇನೂ ಇರಲಿಲ್ಲ.

ನಾನು ಈ ವಾದಗಳನ್ನು ಕೇಳಿದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಮೆಟ್ಟಿಲುಗಳ ಮೇಲಲ್ಲ, ಐದುನೂರು ಕಿಲೋಮೀಟರಿಗೂ ಆಚೆ, ಬೆಳಗಾವಿ ಜಿಲ್ಲೆಯ ನಮ್ಮ ಮೂರು ಊರುಗಳಲ್ಲಿ. ಗೋಕಾಕದಲ್ಲಿ ನನ್ನ ನೌಕರಿ. ಮೂಡಲಗಿಯಲ್ಲಿ ಹಿರಿಯರ ಮನೆ ಮತ್ತು ಎರಡೆಕರೆ ಹೊಲ. ಹುಕ್ಕೇರಿಯಲ್ಲಿ ಹೆಂಡತಿಯ ತವರು. ಈ ಮೂರು ಊರುಗಳ ಚಹದ ಅಂಗಡಿಗಳಲ್ಲಿ ಕ್ರಿಕೆಟ್ಟಿನ ಮಾತಿಗೆ ಇರುವ ಪಾರಮ್ಯ ಫುಟ್‌ಬಾಲಿಗೆ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಕ್ರಿಕೆಟ್ಟಿನ ಮಾತು ಸಂತೆಯ ಗದ್ದಲ; ಫುಟ್‌ಬಾಲಿನ ಮಾತು ಮೂಲೆಯ ಬೆಂಚಿನ ಮೇಲೆ ನಾಲ್ಕಾರು ಜನರ ನಡುವೆ ನಡೆಯುತ್ತದೆ. ಕೇಳುವವನಿಗೆ ಅದೇ ಅನುಕೂಲ. ವಾದದ ಎಳೆ ತಪ್ಪುವುದಿಲ್ಲ.

ಉದಾಹರಣೆಗೆ ಬೆಂಗಳೂರು ಎಫ್‌ಸಿ ತಂಡದ 2022–23ರ ಋತುವನ್ನು ಎತ್ತಿಕೊಳ್ಳೋಣ. ಈ ತಂಡ ಹುಟ್ಟಿದ್ದು 2013ರಲ್ಲಿ. ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾ ಖಂಡದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. 2019ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ತನ್ನದಾಗಿ ಮಾಡಿಕೊಂಡಿತು. ಆಮೇಲಿನದು ಇಳಿಗಾಲ. 2022ರ ಸೆಪ್ಟೆಂಬರಿನಲ್ಲಿ ಕೋಲ್ಕತ್ತೆಯಲ್ಲಿ ಡುರಾಂಡ್ ಕಪ್ ಗೆದ್ದುಕೊಂಡು ಬಂದಾಗ ನಮ್ಮ ಮೂಲೆಯ ಬೆಂಚಿನ ಉತ್ಸಾಹ ನೋಡಬೇಕಿತ್ತು. ಕುಮಾರವ್ಯಾಸನ ಉತ್ತರಕುಮಾರನು ಹೆಂಗಳೆಯರ ಮುಂದೆ ಕೌರವ ಸೈನ್ಯವನ್ನು ಬಾಯಿಮಾತಿನಿಂದಲೇ ಗೆದ್ದುಬಿಟ್ಟನಲ್ಲವೆ, ಹಾಗೆ. ರಣರಂಗ ಕಣ್ಣಿಗೆ ಬಿದ್ದದ್ದು ಆಮೇಲೆ. ಡಿಸೆಂಬರ್ 30ರ ರಾತ್ರಿ ಅದೇ ಕೋಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲಿನ ಎದುರು, ಆಟ ಮುಗಿಯುವ ಹೊತ್ತಿಗೆ, ಹಿಂದೊಮ್ಮೆ ಬೆಂಗಳೂರಿಗೇ ಆಡಿದ್ದ ಕ್ಲೈಟನ್ ಸಿಲ್ವಾ ಹೊಡೆದ ಫ್ರೀ ಕಿಕ್ಕಿನಿಂದ ತಂಡ ಸೋತಿತು. ಅಲ್ಲಿಗೆ ಇಪ್ಪತ್ತು ಆಟಗಳಲ್ಲಿ ಹನ್ನೆರಡು ಮುಗಿದಿದ್ದವು. ಗೆದ್ದದ್ದು 3, ಸಮ 1, ಸೋತದ್ದು 8. ಒಟ್ಟು ಅಂಕ 10. ಹನ್ನೆರಡು ಆಟಗಳಲ್ಲಿ ಹೊಡೆದ ಗೋಲು ಬರಿಯ 8, ತಿಂದದ್ದು 17. ಹನ್ನೊಂದು ತಂಡಗಳಲ್ಲಿ ಮೊದಲ ಆರಕ್ಕೆ ಮಾತ್ರ ಮುಂದಿನ ಸುತ್ತಿನಲ್ಲಿ ಪ್ರವೇಶ.

ಆ ವಾರ ಗೋಕಾಕದ ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಕೇಳಿದ ಮಾತುಗಳನ್ನು ನೆನಪಿದ್ದಷ್ಟು ಅವರವರ ಬಾಯಲ್ಲಿಯೇ ಕೊಡುತ್ತೇನೆ. ಮೊದಲು ಮಾತೆತ್ತಿದವನು ವಾಣಿಜ್ಯ ಓದುವ ಒಬ್ಬ ವಿದ್ಯಾರ್ಥಿ.

'ಹತ್ತು ಅಂಕ ಅದಾವ್ರಿ ಸರ್. ಉಳದದ್ದು ಎಂಟು ಆಟ. ಆರನೇ ಜಾಗಕ್ಕ ಏನಿಲ್ಲಂದ್ರೂ ಇಪ್ಪತ್ತೆಂಟು ಬೇಕು. ಅಂದ್ರ ಎಂಟರಾಗ ಆರು ಗೆಲ್ಲಬೇಕು. ಹನ್ನೆರಡರಾಗ ಮೂರು ಗೆದ್ದವರು ಎಂಟರಾಗ ಆರು ಹೆಂಗ ಗೆಲ್ತಾರ, ನೀವ ಹೇಳ್ರಿ.'

ಎದುರು ಕುಳಿತ ಕರದಂಟಿನ ವ್ಯಾಪಾರಿ, ಐವತ್ತು ದಾಟಿದವರು, ತಟ್ಟೆಗೆ ಚಹಾ ಸುರುವಿಕೊಳ್ಳುತ್ತ ಹೇಳಿದರು: 'ಏ ತಮ್ಮಾ, ನಿನ್ನ ಲೆಕ್ಕ ಪರೀಕ್ಷಾದಾಗ ಬರಿ. ಛೇತ್ರಿ ಇನ್ನೂ ಅದಾನಿಲ್ಲೋ? ಅಂವ ಇರೋತನಕ ಏನೂ ಮುಗದಿಲ್ಲ.'

'ಅದಾನ ಖರೆ ಕಾಕಾ, ಆದ್ರ ಮೂವತ್ತೆಂಟು ಆಗ್ಯಾವ ಅವಗ.'

'ನನಗ ಐವತ್ತಾರು ಆಗ್ಯಾವು. ನಾ ಅಂಗಡಿ ಮುಚ್ಚೇನೇನು?'

ಬೆಂಚಿಗೆ ಬೆಂಚೇ ನಕ್ಕಿತು. ವಾದದಲ್ಲಿ ಕಾಕಾನಿಗೆ ಜಯವಾಯಿತೆಂದು ಎಲ್ಲರೂ ಭಾವಿಸಿದರು. ಆದರೆ ವಿಮರ್ಶಕನು ಇಲ್ಲಿ ತಡೆಯಬೇಕಾಗುತ್ತದೆ. ಕಾಕಾನ ಉತ್ತರ ಚಮತ್ಕಾರದ್ದು, ಉತ್ತರವಲ್ಲ. ಹುಡುಗ ಕೇಳಿದ್ದು ತಂಡದ ಬಗೆಗೆ, ಕಾಕಾ ಹೇಳಿದ್ದು ತನ್ನ ಬಗೆಗೆ.

ಮೂರನೆಯ ದನಿಯನ್ನು ಕೇಳಿದ್ದು ಎರಡು ದಿನಗಳ ಮೇಲೆ ಮೂಡಲಗಿಯಲ್ಲಿ. ಹೊಲದ ಪಂಪಿನ ಮೋಟರು ಕೆಟ್ಟು, ಅದನ್ನು ರಿವೈಂಡಿಂಗ್ ಮಾಡುವವನಲ್ಲಿಗೆ ಒಯ್ದಿದ್ದೆ. ಮೂವತ್ತರ ಹರೆಯದ ಮನುಷ್ಯ. ಕೈ ತಂತಿ ಸುತ್ತುತ್ತಲೇ ಇತ್ತು. ಆಟವನ್ನು ಮೊಬೈಲಿನಲ್ಲಿ ಒಂದೂ ಬಿಡದೆ ನೋಡುವವನೆಂದು ಮಾತಿನಲ್ಲಿ ತಿಳಿಯಿತು. ಗೋಕಾಕದ ವಾದವನ್ನು ಅವನಿಗೆ ಒಪ್ಪಿಸಿದೆ. ಅವನೆಂದ:

'ಎಂಟು ಸೋತಾರ, ಹೌದ್ರಿ. ಅದರಾಗ ಆರು ಆಟ ಒಂದೊಂದು ಗೋಲಿನ್ಯಾಗ ಸೋತಾರ. ಮುಂಬೈ ಮುಂದ ನಾಕು, ಹೈದರಾಬಾದ್ ಮುಂದ ಮೂರು, ಆ ಎರಡ ಆಟದಾಗ ಖರೇನ ಬಡಿಸಿಕೊಂಡಾರ. ಮೋಟರ್ ಸುಟ್ಟಿಲ್ಲ ಸರ್. ಎಲ್ಲೋ ಒಂದು ವಾಯರ್ ಸಡ್ಲ ಆಗೇತಿ. ಸುಧಾರಿಸಬಹುದು. ಕಪ್ ಬರತೈತಿ ಅಂತ ನಾ ಹೇಳಾಂಗಿಲ್ಲ.'

ಮೂರು ದನಿಗಳು, ಮೂರು ಬಗೆಯ ವಿಮರ್ಶೆ. ಹುಡುಗ ಫಲಿತಾಂಶಗಳನ್ನು ಎಣಿಸಿದ. ಕಾಕಾ ಫಲಿತಾಂಶವನ್ನು ನೋಡಲೇ ಇಲ್ಲ. ಭಕ್ತಿಯಿಂದ ಹೊರಟು ಭಕ್ತಿಗೆ ಬಂದು ಮುಟ್ಟಿದ. ಮೋಟರಿನ ಮನುಷ್ಯ ಮಾತ್ರ ಫಲಿತಾಂಶದ ಒಳಗೆ ಕೈಹಾಕಿ ನೋಡಿದ. ಸೋಲು ಸೋಲೇ ಆದರೂ ಎಲ್ಲ ಸೋಲುಗಳೂ ಒಂದೇ ಅಲ್ಲ ಎಂಬ ವಿವೇಕ ಅವನದು. ಅದಕ್ಕಿಂತ ಮುಖ್ಯವಾಗಿ, ತನ್ನ ಆಧಾರ ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಯವರೆಗೆ ಮಾತ್ರ ಹೋಗಿ ನಿಂತ. 'ಸುಧಾರಿಸಬಹುದು' ಎಂಬಲ್ಲಿಗೆ ಅವನ ವಾಕ್ಯ ನಿಲ್ಲುತ್ತದೆ. ಈ ನಿಲ್ಲುವುದನ್ನು ಕಲಿಸಲು ನಾವು ಎಂ.ಎ. ತರಗತಿಗಳಲ್ಲಿ ಎರಡು ವರ್ಷ ಹೆಣಗುತ್ತೇವೆ.

ಸಂಸ್ಕೃತ ನಾಟ್ಯಶಾಸ್ತ್ರವನ್ನು ಓದಿದವರಿಗೆ ಈ ಸನ್ನಿವೇಶ ಹೊಸದೆನಿಸಬಾರದು. ನಾಟಕದ ಕಾರ್ಯಕ್ಕೆ ಐದು ಅವಸ್ಥೆಗಳನ್ನು ಹೇಳಿದ್ದಾರೆ: ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ನಡುವಿನದು ಪ್ರಾಪ್ತ್ಯಾಶೆ. ಫಲ ಸಿಕ್ಕೀತೆಂಬ ಆಸೆ, ಸಿಗದೆ ಹೋದೀತೆಂಬ ಶಂಕೆ, ಎರಡೂ ಜೊತೆಗೇ ಇರುವ ಸ್ಥಿತಿ. ಇದಕ್ಕೆ ಸಮನಾದ ಸಂಧಿ ಗರ್ಭಸಂಧಿ. ಬಿತ್ತಿದ ಬೀಜ ಒಮ್ಮೆ ಕಂಡು ಒಮ್ಮೆ ಮರೆಯಾಗಿ ಮತ್ತೆ ಮತ್ತೆ ಹುಡುಕಿಸಿಕೊಳ್ಳುವುದು ಇಲ್ಲಿಯೇ. ಋತುವಿನ ನಡುವಿನ ಅಭಿಮಾನಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಬೇಡ. ಇನ್ನೊಂದು ಸ್ವಾರಸ್ಯವುಂಟು: ಗರ್ಭದ ಬೆನ್ನಿಗೆ ಬರುವ ನಾಲ್ಕನೆಯ ಸಂಧಿಯ ಹೆಸರು ವಿಮರ್ಶ. ನಾವು ಈಗ ವಿಮರ್ಶೆ ಎಂದು ಕರೆಯುವುದಕ್ಕೂ ಅದಕ್ಕೂ ಅರ್ಥದಲ್ಲಿ ಅಂತರವಿದೆ, ಬಲ್ಲೆ. ಆದರೂ ಶಾಸ್ತ್ರಕಾರರು ಆ ಮಾತನ್ನು ನಾಟಕ ಮುಗಿದ ಮೇಲೆ ಇಡದೆ ಫಲ ಇನ್ನೂ ಕೈಗೆ ಬರದಿರುವಾಗ ಇಟ್ಟರಲ್ಲ ಎಂಬುದು ನನ್ನ ಮನಸ್ಸಿಗೆ ಹಿಡಿದಿದೆ.

ಆದರೆ ನಾಟಕಕ್ಕೂ ಋತುವಿಗೂ ಒಂದು ದೊಡ್ಡ ಭೇದವಿದೆ. ಅದನ್ನು ಕಾಣಲು ಮೂಡಲಗಿ ತಾಲೂಕನ್ನು ಬಿಟ್ಟು ಹೋಗಬೇಕಾಗಿಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ ರಂಗರೂಪ ಕೊಟ್ಟ ಕುಲಗೋಡ ತಮ್ಮಣ್ಣನ ಊರು ಈ ತಾಲೂಕಿನಲ್ಲಿದೆ. ಆ ಆಟದಿಂದ ನಾಡಿಗೆಲ್ಲ ಹೆಸರಾದ ಕೌಜಲಗಿ ನಿಂಗಮ್ಮನ ಊರೂ ಇಲ್ಲಿಯದೇ. ಪಾರಿಜಾತ ರಾತ್ರಿಯಿಡೀ ನಡೆಯುತ್ತದೆ. ಮಧ್ಯರಾತ್ರಿಯ ಹೊತ್ತಿಗೆ ಸತ್ಯಭಾಮೆಯ ಕೋಪ, ಅಳಲು, ಕೃಷ್ಣನ ಓಲೈಕೆ. ನೋಡುವವರ ಕಣ್ಣಲ್ಲಿ ನೀರು ಬರುತ್ತದೆ. ಆದರೆ ಕೃಷ್ಣನು ಭಾಮೆಯನ್ನು ಒಲಿಸಿಕೊಳ್ಳುವನೋ ಇಲ್ಲವೋ ಎಂದು ಕಂಬಳಿ ಹಾಸಿ ಕುಳಿತವರು ಯಾರೂ ಪಂಥ ಕಟ್ಟುವುದಿಲ್ಲ. ಕೊನೆ ಎಲ್ಲರಿಗೂ ಗೊತ್ತು. ನಾಟಕದ ಗರ್ಭಸಂಧಿಯಲ್ಲಿರುವ ಶಂಕೆ ಕವಿ ಕಟ್ಟಿದ ಶಂಕೆ; ಫಲಾಗಮ ಆಗಲೇ ಅವನ ಜೋಳಿಗೆಯಲ್ಲಿದೆ. ಫುಟ್‌ಬಾಲಿನ ಋತುವಿಗೆ ಅಂಥ ಕವಿಯಿಲ್ಲ. ಅದರ ನಡುವು ನಿಜವಾದ ನಡುವು. ಹಾಗಾದುದರಿಂದಲೇ ಆ ಹೊತ್ತಿನ ಮಾತಿಗೆ ರಸಾಸ್ವಾದದ ಶಾಸ್ತ್ರ ಸಾಲದು, ತರ್ಕವೂ ಬೇಕಾಗುತ್ತದೆ.

ಈಗ ಫಲಾಗಮಕ್ಕೆ ಬರೋಣ. ಜನವರಿ 6ರಿಂದ ತಂಡ ಗೆಲ್ಲತೊಡಗಿತು. ನಾರ್ತ್ ಈಸ್ಟ್, ಒಡಿಶಾ, ಜಮ್ಶೆಡ್‌ಪುರ, ಚೆನ್ನೈಯಿನ್, ಎಟಿಕೆ ಮೋಹನ್ ಬಾಗಾನ್, ಕೇರಳ ಬ್ಲಾಸ್ಟರ್ಸ್, ಮುಂಬೈ ಸಿಟಿ, ಗೋವಾ: ಎಂಟಕ್ಕೆ ಎಂಟು. ಉಳಿದಿದ್ದ 24 ಅಂಕಗಳಲ್ಲಿ 24ನ್ನೂ ಬಾಚಿಕೊಂಡಿತು. ಹನ್ನೆರಡು ಆಟಗಳಲ್ಲಿ 8 ಗೋಲು ಹೊಡೆದವರು ಎಂಟು ಆಟಗಳಲ್ಲಿ 19 ಹೊಡೆದರು. ತಿಂದದ್ದು 6 ಮಾತ್ರ. 34 ಅಂಕಗಳೊಡನೆ ನಾಲ್ಕನೆಯ ಸ್ಥಾನ. ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳದೊಡನೆ ನಡೆದ ಪಂದ್ಯದ ಹೆಚ್ಚುವರಿ ಸಮಯದಲ್ಲಿ, ಬದಲಿಯಾಗಿ ಇಳಿದಿದ್ದ ಛೇತ್ರಿ, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ಕನ್ನು ಗೋಲಿಗೆ ಹೊಡೆದದ್ದು, ಕೇರಳದವರು ಮೈದಾನ ಬಿಟ್ಟು ನಡೆದದ್ದು, ಇವನ್ನು ವಾಚಕರು ಮರೆತಿರಲಾರರು. ಉಪಾಂತ್ಯದಲ್ಲಿ ಮುಂಬೈಯನ್ನು ದಾಟಿ, ಮಾರ್ಚ್ 18ರಂದು ಗೋವೆಯಲ್ಲಿ ಮೋಹನ್ ಬಾಗಾನಿನೊಡನೆ 2–2 ಸಮ ಮಾಡಿ, ಪೆನಾಲ್ಟಿಗಳಲ್ಲಿ 4–3ರಿಂದ ಸೋತರು. ಕಪ್ ಬರಲಿಲ್ಲ.

ಹಾಗಾದರೆ ಯಾರು ಸರಿ? ಗೋಕಾಕದ ಬೆಂಚು ಕಾಕಾನಿಗೆ ಪಟ್ಟ ಕಟ್ಟಿತು. ಹುಡುಗನನ್ನು ಎರಡು ತಿಂಗಳು ಹೀಯಾಳಿಸಿತು. ಅವನೂ ತಲೆ ತಗ್ಗಿಸಿದ. ನನ್ನ ಅಭಿಪ್ರಾಯ ಬೇರೆ. ಹುಡುಗನ ನಿರ್ಣಯ ಸುಳ್ಳಾಯಿತು, ನಿಜ. ಅವನ ವಾದ ಮರ್ಯಾದೆಯ ವಾದ. ಹನ್ನೆರಡು ಆಟಗಳ ನಡತೆಯಿಂದ ಎಂಟು ಆಟಗಳ ನಡತೆಯನ್ನು ಊಹಿಸುವುದು ಅನುಮಾನ ಪ್ರಮಾಣದ ಒಪ್ಪಿತ ಮಾರ್ಗ. ಅವನ ದೋಷ ಒಂದೇ: ಎಂಟು ಸೋಲುಗಳನ್ನು ಒಂದೇ ಅಳತೆಯ ಎಂಟು ಕಲ್ಲುಗಳೆಂದು ಎಣಿಸಿದ್ದು. ಕಾಕಾನ ನಿರ್ಣಯ ನಿಜವಾಯಿತು, ಆದರೆ ಅವನಲ್ಲಿ ವಾದವೇ ಇರಲಿಲ್ಲ. ಇರಲಿಲ್ಲವೆಂಬುದಕ್ಕೆ ಸಾಕ್ಷಿಯನ್ನು ಆ ಗೆಲುವೇ ಒದಗಿಸಿತು. ತಂಡ ಎದ್ದು ನಿಂತ ಆ ಎಂಟು ಆಟಗಳ ಕಾಲದಲ್ಲಿ ಛೇತ್ರಿ ಬಹುಮಟ್ಟಿಗೆ ಬದಲಿ ಆಟಗಾರ. ಮುಂದಿನ ಸಾಲಿನಲ್ಲಿ ಓಡಿದ್ದು ಶಿವಶಕ್ತಿ ನಾರಾಯಣನ್ ಎಂಬ ತಮಿಳುನಾಡಿನ ಎಳೆಯ. ಕಾಕಾ ಕೊಟ್ಟ ಕಾರಣ ಒಂದು, ಕಾರ್ಯ ನಡೆದದ್ದು ಇನ್ನೊಂದರಿಂದ. ಮಾವಿನ ಮರದ ಕೆಳಗೆ ಕುಳಿತು ಹುಣಸೆ ಹಣ್ಣಿಗೆ ಹರಕೆ ಹೊತ್ತವನ ಮಡಿಲಿಗೆ ಮಾವು ಬಿದ್ದರೆ ಹರಕೆ ಫಲಿಸಿತೆನ್ನಬಹುದೆ?

ಈ ಮಾತನ್ನು ಎಳೆದು ಹೇಳಲು ಕಾರಣವಿದೆ. ಮರುವರ್ಷ, 2023–24ರಲ್ಲಿ, ತಂಡ ಮತ್ತೆ ಮುಗ್ಗರಿಸಿತು. ಡಿಸೆಂಬರಿನಲ್ಲಿ ತರಬೇತುದಾರ ಸೈಮನ್ ಗ್ರೇಸನ್‌ನನ್ನು ತೆಗೆದರು. ನಮ್ಮ ಬೆಂಚಿನ ಮೇಲೆ ಆಗ ಒಂದೇ ಮಾತು: 'ಹ್ವಾದ ವರ್ಷಾನೂ ಹಿಂಗ ಆಗಿತ್ತು.' ಹಿಂದಿನ ವರ್ಷದ ಘಟನೆ ಗಾದೆಯಾಗಿಬಿಟ್ಟಿತ್ತು. ಈ ಸಲದ ಸೋಲುಗಳು ಎಂಥವು, ಎಷ್ಟು ಗೋಲಿನವು, ಯಾರು ಹೊರಗಿದ್ದಾರೆ, ಯಾರು ದಣಿದಿದ್ದಾರೆ, ಒಬ್ಬರೂ ಕೇಳಲಿಲ್ಲ. ಲೆಕ್ಕದ ಹುಡುಗನಂತೂ ಬಾಯಿಯನ್ನೇ ತೆರೆಯಲಿಲ್ಲ. ಹೀಯಾಳಿಕೆಯ ಗಾಯ ಇನ್ನೂ ಮಾದಿರಲಿಲ್ಲ. ಆ ವರ್ಷ ತಂಡ ಹನ್ನೆರಡರಲ್ಲಿ ಹತ್ತನೆಯದಾಗಿ ಮುಗಿಸಿತು. ಸರಿಯಾದ ವಾದಕ್ಕೆ ಅಪಮಾನ, ವಾದವಿಲ್ಲದ ನಂಬಿಕೆಗೆ ಸನ್ಮಾನ ಮಾಡಿದ ಬೆಂಚಿಗೆ ಅದರ ಬೆಲೆ ಮರುವರ್ಷವೇ ತಿಳಿಯಬೇಕಿತ್ತು. ತಿಳಿಯಲಿಲ್ಲ. 2024ರ ಐಪಿಎಲ್‌ನಲ್ಲಿ ಮೊದಲ ಎಂಟು ಆಟಗಳಲ್ಲಿ ಒಂದನ್ನು ಮಾತ್ರ ಗೆದ್ದಿದ್ದ ಬೆಂಗಳೂರಿನ ಕ್ರಿಕೆಟ್ ತಂಡ ಆಮೇಲೆ ಆರನ್ನು ಸಾಲಾಗಿ ಗೆದ್ದದ್ದೇ ತಡ, ಗಾದೆಗೆ ಮತ್ತೆ ಜೀವ ಬಂದಿತು.

ನಮ್ಮ ಸಾಹಿತ್ಯ ವಿಮರ್ಶೆಯ ಬೆಂಚು ಇದಕ್ಕಿಂತ ಬಹಳ ಭಿನ್ನವಾಗಿದೆಯೆಂದು ಹೇಳಲು ನನಗೆ ಧೈರ್ಯವಿಲ್ಲ. ಒಬ್ಬ ಹೊಸ ಬರಹಗಾರನ ಎರಡು ಪುಸ್ತಕಗಳು ಬಂದಿರುತ್ತವೆ. ಅವನು ತನ್ನ ಗರ್ಭಸಂಧಿಯಲ್ಲಿದ್ದಾನೆ. ಆಗ ಒಬ್ಬರೂ ಏನನ್ನೂ ಬರೆಯುವುದಿಲ್ಲ. ಬರೆದರೂ 'ಇನ್ನೂ ಉತ್ತಮ ಕೃತಿಗಳನ್ನು ನಿರೀಕ್ಷಿಸಬಹುದು' ಎಂಬ ಗಂಜಿ. ಪ್ರಶಸ್ತಿಯೊಂದು ಬಂದ ಮರುದಿನ ಎಲ್ಲರಿಗೂ ಅದು ಮೊದಲೇ ಗೊತ್ತಿರುತ್ತದೆ. ಬಾರದೆ ಹೋದರೆ ಅದೂ ಮೊದಲೇ ಗೊತ್ತಿರುತ್ತದೆ. ಯಾವ ವಾಕ್ಯ ಸಡಿಲ, ಯಾವ ಸೋಲು ಒಂದೇ ಗೋಲಿನದು ಎಂದು ಆ ನಡುವಿನಲ್ಲಿ ಹೇಳುವವನು ಅವನಿಗೂ ಬೇಕು, ಓದುಗರಿಗೂ ಬೇಕು. ಮೂಡಲಗಿಯ ರಿವೈಂಡಿಂಗ್ ಅಂಗಡಿಯಲ್ಲಿ ನಾನು ಕಂಡದ್ದು ಅಂಥ ಒಬ್ಬನನ್ನು.

ಇನ್ನು ಈ ಪ್ರಕಾರದ ಭಾಷೆಯ ಮಾತು. ವ್ಯಾಕರಣ ಕಲಿಸುವವನಾದುದರಿಂದ ನನ್ನ ಕಿವಿ ಮೊದಲು ಹೋದದ್ದು ಸರ್ವನಾಮಗಳ ಕಡೆಗೆ. ತಂಡ ಗೆದ್ದ ಮರುದಿನ 'ನಾವು ಗೆದ್ವಿ'. ಸೋತ ಮರುದಿನ 'ಅವರು ಸೋತ್ರು'. ಉತ್ತಮ ಪುರುಷದಿಂದ ಪ್ರಥಮ ಪುರುಷಕ್ಕೆ ಒಂದೇ ರಾತ್ರಿಯಲ್ಲಿ ಸ್ಥಳಾಂತರ. ಇದು ಎಲ್ಲ ದೇಶದ ಅಭಿಮಾನಿಗಳ ರೂಢಿಯೇ ಇರಬೇಕು. ಆದರೆ ಋತುವಿನ ನಡುವಿನಲ್ಲಿ ಮಾತ್ರ ಎರಡೂ ಒಂದೇ ವಾಕ್ಯದಲ್ಲಿ ಬರುವುದನ್ನು ಗಮನಿಸಿದ್ದೇನೆ: 'ನಾವು ಗೆಲ್ಲಬೇಕಂದ್ರ ಅವರು ಓಡಬೇಕು.' ಓಡುವವರು ಅವರು, ಗೆಲ್ಲುವವರು ನಾವು! ಪ್ರಾಪ್ತ್ಯಾಶೆಗೆ ಇದಕ್ಕಿಂತ ಚೊಕ್ಕ ಉದಾಹರಣೆಯನ್ನು ಯಾವ ಲಕ್ಷಣಗ್ರಂಥವೂ ಕೊಟ್ಟಂತಿಲ್ಲ.

ಈ 'ನಾವು' ಎಂಬುದರ ಬುಡವನ್ನು ಅಲುಗಿಸಿದವರು ಹುಕ್ಕೇರಿಯ ನನ್ನ ಮಾವನವರು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವ ರೈತರು, ಶೇರುದಾರರು. ಹುಕ್ಕೇರಿಯ ಹಳ್ಳಿಗಳಿಗೆ ವಿದ್ಯುತ್ತನ್ನು ಹಂಚುವುದೂ ಒಂದು ಸಹಕಾರಿ ಸಂಘವೇ ಎಂಬುದು ದಕ್ಷಿಣದ ಓದುಗರಿಗೆ ಹೊಸ ಸಂಗತಿಯಾದೀತು. ಇಂಥ ತಾಲೂಕಿನ ಹಿರಿಯರ ಮುಂದೆ ಒಂದು ಭಾನುವಾರ ನಾನೂ ನನ್ನ ಹೆಂಡತಿಯ ತಮ್ಮನೂ 'ನಮ್ಮ ತಂಡ' ಎಂದು ಮಾತನಾಡುತ್ತಿದ್ದೆವು. ಅವರು ಎಲೆ ಅಡಿಕೆಯ ತಟ್ಟೆಯಿಂದ ತಲೆಯೆತ್ತಿ, 'ಅಳಿಯಾರ, ಆ ತಂಡದಾಗ ನಿಮ್ಮ ಶೇರು ಎಷ್ಟೈತ್ರಿ?' ಎಂದರು.

ಉತ್ತರವಿರಲಿಲ್ಲ. ತಂಡ ಜೆಎಸ್‌ಡಬ್ಲ್ಯು ಎಂಬ ಉದ್ಯಮದ್ದು. ತರಬೇತುದಾರನನ್ನು ತೆಗೆಯುವಾಗ ಗೋಕಾಕದವರನ್ನು ಕೇಳುವುದಿಲ್ಲ, ಬೆಂಗಳೂರಿನವರನ್ನೂ ಕೇಳುವುದಿಲ್ಲ. ಹುಕ್ಕೇರಿಯಿಂದ ಬೆಂಗಳೂರಿಗಿಂತ ಕೊಲ್ಲಾಪುರ ಎಷ್ಟೋ ಹತ್ತಿರ. ಅಲ್ಲಿಯ ಫುಟ್‌ಬಾಲಿನ ಗತ್ತೇ ಬೇರೆ. ಪಾಟಾಕಡೀಲ, ದಿಲಬಹಾರ, ಖಂಡೋಬಾ ಎಂದು ಪೇಟೆ ಪೇಟೆಗಳ ತಾಲೀಮುಗಳೇ ತಂಡಗಳು. ಅಲ್ಲಿ 'ನಮ್ಮ' ಎಂದರೆ ನಮ್ಮ ಓಣಿಯ ಹುಡುಗನೇ ಆಡುತ್ತಿದ್ದಾನೆ ಎಂದರ್ಥ. ನಮ್ಮ ಬೆಂಚಿನ 'ನಮ್ಮ'ಗೆ ಶೇರಿನ ಆಧಾರವೂ ಇಲ್ಲ, ಓಣಿಯ ಆಧಾರವೂ ಇಲ್ಲ. ಆಟಗಾರರಲ್ಲಿ ಕನ್ನಡ ಬಲ್ಲವರು ವಿರಳ. ಬೆಂಗಳೂರಿನವರಿಗೆ ಗೋಕಾಕವೆಂದರೆ ಒಂದು ವರದಿ ಮತ್ತು ಒಂದು ಚಳವಳಿ. ಅದೂ ಊರಿನ ಹೆಸರಿನಿಂದಲ್ಲ, ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರ ಮನೆತನದ ಹೆಸರಿನಿಂದ. ಹೀಗಿದ್ದೂ ನಮ್ಮ ಹುಡುಗರು 'ನಾವು' ಎನ್ನುತ್ತಾರಲ್ಲ, ಅದು ಕಾಲ್ಪನಿಕವೆಂದು ತಳ್ಳಿಹಾಕೋಣವೆ? ಮಾವನವರ ಪ್ರಶ್ನೆಗೆ ಅಂದು ಹೊಳೆಯದ ಒಂದು ಉತ್ತರ ಈಗ ಹೊಳೆಯುತ್ತದೆ. ಮತವಿಲ್ಲದವನಿಗೆ ಉಳಿಯುವುದು ಮಾತು. ಸಂಘದ ಸಭೆಯಲ್ಲಿ ಕೈಯೆತ್ತಿ ಮನೆಗೆ ಹೋಗಬಹುದು. ಇಲ್ಲಿ ಕೈಯೆತ್ತುವ ಹಾಗಿಲ್ಲವಾದುದರಿಂದ ಹುಡುಗರು ಕಾರಣ ಕೊಟ್ಟು ಮಾತನಾಡುವುದನ್ನು ಕಲಿಯುತ್ತಿದ್ದಾರೆ. ಮಾವನವರು ಇದನ್ನು ಒಪ್ಪುತ್ತಾರೆಂಬ ಭರವಸೆ ನನಗಿಲ್ಲ.

ಕಾರಣ ಕೊಟ್ಟು ಮಾತನಾಡುವುದು ನಮ್ಮ ಸೀಮೆಗೆ ಹೊಸ ವಿದ್ಯೆಯೇನೂ ಅಲ್ಲ. ಹರದೇಶಿ–ನಾಗೇಶಿ ಗೀಗೀ ಮೇಳಗಳನ್ನು ಕೇಳಿದವರಿಗೆ ಗೊತ್ತು. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು, ಡಪ್ಪು ತುಂತುಣಿಗಳ ನಾದದಲ್ಲಿ ಬೆಳಗಿನವರೆಗೆ ಸವಾಲು ಜವಾಬು ನಡೆಸುತ್ತಾರೆ. ಎದುರಿನವರ ಸವಾಲಿಗೆ ಜವಾಬು ಕೊಡದೆ ತಮ್ಮ ಸವಾಲನ್ನೇ ಹಾಡುತ್ತ ಹೋದ ಮೇಳವನ್ನು ಹಳ್ಳಿಯ ಜನ ಗೆದ್ದಿತೆನ್ನುವುದಿಲ್ಲ. ಈ ಒರೆಗಲ್ಲಿಗೆ ಹಚ್ಚಿದರೆ ಕಾಕಾ ಸೋತಂತೆಯೇ ಸರಿ. ಹುಡುಗನ 'ಎಂಟರಾಗ ಆರು ಹೆಂಗ?' ಎಂಬ ಸವಾಲು ಇಂದಿಗೂ ಅವರ ಮುಂದೆ ಜವಾಬಿಲ್ಲದೆ ನಿಂತಿದೆ. ಗೀಗೀ ಮೇಳದವರಿಗೆ ಇರುವ ಒಂದು ಸೌಲಭ್ಯ ಮಾತ್ರ ಅಭಿಮಾನಿಗಳಿಗಿಲ್ಲ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬುದಕ್ಕೆ ಮಾರ್ಚ್ ತಿಂಗಳಲ್ಲಿ ಅಂಕಪಟ್ಟಿ ಹೊರಬೀಳುವುದಿಲ್ಲ.

ನನಗೆ ಇದೆಲ್ಲ ಇಷ್ಟು ಹಚ್ಚಿಕೊಂಡದ್ದೇಕೆಂದು ಕೇಳಿದರೆ ತರಗತಿಯ ಕಡೆಗೆ ಬೆರಳು ಮಾಡುತ್ತೇನೆ. ಆ ಲೆಕ್ಕದ ಹುಡುಗ ನನ್ನ ಕನ್ನಡ ತರಗತಿಯಲ್ಲಿ ಎರಡು ವರ್ಷ ಕುಳಿತವನು. ರನ್ನನ ದುರ್ಯೋಧನ ದುರಂತ ನಾಯಕನೋ ಅಲ್ಲವೋ ಎಂದು ಕೇಳಿದಾಗ ಗೈಡಿನ ಎರಡು ಪುಟಗಳನ್ನು ಅಕ್ಷರ ತಪ್ಪದೆ ಒಪ್ಪಿಸಿದವನು. ತನ್ನದೆಂಬ ಒಂದು ವಾಕ್ಯ ಅದರಲ್ಲಿರಲಿಲ್ಲ. ನಾನೂ ಹತ್ತಕ್ಕೆ ಏಳು ಅಂಕ ಕೊಟ್ಟು ಮುಂದೆ ಹೋಗಿದ್ದೆ. ಅದೇ ಹುಡುಗ ಚಹದ ಅಂಗಡಿಯಲ್ಲಿ ಸಾಕ್ಷ್ಯ ಹೇಳಿದ, ಅಂದಾಜು ಕಟ್ಟಿದ, 'ಅಂದ್ರ' ಎಂಬ ಒಂದು ಅವ್ಯಯದಿಂದ ಕಾರಣವನ್ನು ಕಾರ್ಯಕ್ಕೆ ಬೆಸೆದ. ಎಲ್ಲವನ್ನೂ ತನ್ನ ಮನೆಯ ಕನ್ನಡದಲ್ಲಿ. ಕನ್ನಡದಲ್ಲಿ ಶಾಸ್ತ್ರೀಯ ವಿಚಾರ ಸಾಧ್ಯವೇ ಎಂದು ನಾವು ಗೋಷ್ಠಿ ಕೂಡಿಸಿ ಚರ್ಚಿಸುತ್ತೇವೆ; ಬಸ್ ನಿಲ್ದಾಣದ ಬೆಂಚಿನ ಮೇಲೆ ಅದು ಆಗಲೇ ನಡೆದಿದೆ. ಗೋಲು, ಪಾಸು, ಡಿಫೆನ್ಸು ಎಂಬ ನಾಮಪದಗಳು ಹೊರಗಿನವು, ನಿಜ. ವಾದವನ್ನು ಹೊರುವ 'ಆದ್ರ', 'ಅಂದ್ರ', 'ಯಾಕಂದ್ರ', 'ಹಂಗಂತ' ಎಂಬವು ನಮ್ಮವು. ಭಾಷೆಯ ಬೆನ್ನೆಲುಬು ಅವುಗಳಲ್ಲಿದೆ.

ಆ ಹುಡುಗನ ಬಾಯಿ ಒಂದು ವರ್ಷ ಕಟ್ಟಿಹೋದದ್ದು ನನಗೆ ಕಪ್ ಕೈತಪ್ಪಿದ್ದಕ್ಕಿಂತ ದೊಡ್ಡ ನಷ್ಟವೆನಿಸುತ್ತದೆ. ಅವನನ್ನು ಮಣಿಸಿದ್ದು ಪ್ರತಿವಾದವಲ್ಲ, ಫಲಿತಾಂಶ.

ಗುಣಗಳನ್ನು ಹೇಳಿದ ಮೇಲೆ ಒಂದು ದೊಡ್ಡ ದೋಷವನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಈ ವಾದಗಳಿಗೆ ನೆನಪು ಬಹಳ ಮೋಟು. 2013ರ ಹಿಂದೆ ಕರ್ನಾಟಕದಲ್ಲಿ ಫುಟ್‌ಬಾಲೇ ಇರಲಿಲ್ಲವೆಂಬ ಹಾಗೆ ನಡೆಯುತ್ತವೆ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರಿದ್ದರು. ಬೆಂಚಿನ ಮೇಲೆ ಆ ಹೆಸರು ಒಮ್ಮೆಯೂ ಕಿವಿಗೆ ಬಿದ್ದಿಲ್ಲ. ನೆನಪು ಹೋಗಲಿ, ಕಣ್ಣೆದುರಿನದೇ ಕಾಣದೆ ಹೋದದ್ದುಂಟು. 2023ರ ಮಾರ್ಚ್ 4ರಂದು ದಿನವಿಡೀ ಗೋಕಾಕದ ಬೆಂಚು ಹಿಂದಿನ ರಾತ್ರಿಯ ಛೇತ್ರಿಯ ಫ್ರೀ ಕಿಕ್ಕು ನ್ಯಾಯವೋ ಅನ್ಯಾಯವೋ ಎಂದು ಜಗಳಾಡುತ್ತಿತ್ತು. ಅದೇ ದಿನ ಸೌದಿ ಅರೇಬಿಯದ ರಿಯಾಧಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ರಾಜ್ಯದ ಹೆಸರಿನಲ್ಲಿಯೇ ಆಡುವ ತಂಡ. 54 ವರ್ಷಗಳ ಮೇಲೆ ಬಂದ ಗೆಲುವು. ಆ ತಂಡದ ಭವಿಷ್ಯವನ್ನು ಕುರಿತು ಅದಕ್ಕೆ ಮೊದಲಾಗಲಿ ಆಮೇಲಾಗಲಿ ನಮ್ಮ ಮೂರೂ ಊರುಗಳಲ್ಲಿ ಒಂದು ವಾದವನ್ನೂ ನಾನು ಕೇಳಲಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಸಾಗುವ ಋತುವಿಲ್ಲ, ಹಾಗಾಗಿ ಕಾಯುವ ನಡುಗಾಲವೂ ಇಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ನನಗೆ ಆ ಸಮಾಧಾನ ಪೂರ್ತಿ ರುಚಿಸುವುದಿಲ್ಲ.

ಸೋಮವಾರ ತರಗತಿಯಲ್ಲಿ ಈ ಸುದ್ದಿಯನ್ನು ಎತ್ತಿದೆ. 'ಅದು ಯಾವ ಲೀಗ್ರಿ ಸರ್?' ಎಂದು ಮುಂದಿನ ಬೆಂಚಿನವನು ಕೇಳಿದ. ಕರಿಹಲಗೆಯ ಮೇಲೆ ಮೈಸೂರು ರಾಜ್ಯದ ಹೆಸರಿನಲ್ಲಿ ಟ್ರೋಫಿ ಗೆದ್ದ ನಾಲ್ಕು ಋತುಗಳನ್ನು ಬರೆದೆ: 1946–47, 1952–53, 1967–68, 1968–69. ಅದರ ಕೆಳಗೆ 2022–23. ಸ್ವಲ್ಪ ಹೊತ್ತು ಸುಮ್ಮನಿದ್ದ ಲೆಕ್ಕದ ಹುಡುಗ ಹಿಂದಿನ ಸಾಲಿನಿಂದ, 'ಸರ್, ನಡುವಿನ ಐವತ್ನಾಕು ವರ್ಷದಾಗ ಎಷ್ಟು ಸಲ ಫೈನಲ್ ತನಕ ಹೋಗಿದ್ರು?' ಎಂದ. ಹುಡುಕಿಕೊಂಡು ಬರುವ ಕೆಲಸವನ್ನು ಅವನಿಗೇ ಒಪ್ಪಿಸಿ ಪಾಠಕ್ಕೆ ತಿರುಗಿದೆ.